ಕರಾರು ಮುರಿದ ಮೇಲೆ ಗೊತ್ತಾಗುವ ಕಾನೂನು: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ,

ನಮಸ್ಕಾರಗಳು. ನಾನು ಸಣ್ಣದೊಂದು ಮುದ್ರಣಾಲಯ ನಡೆಸುವವನು. ಹೋದ ವರ್ಷ ಆಫ್‌ಸೆಟ್ ಯಂತ್ರದ ಎರಡು ರೋಲರುಗಳಿಗೆ ಹೊಸ ರಬ್ಬರ್ ಹಾಕಿಸಲು ಕೊಟ್ಟಿದ್ದೆ. ರಸೀದಿಯ ಮೇಲೆ ‘10 ದಿನದಲ್ಲಿ ವಾಪಸು’ ಎಂದು ಅವರೇ ಬರೆದು ಸಹಿ ಹಾಕಿದ್ದರು. ರೋಲರು ಬಂದದ್ದು 41ನೇ ದಿನ. ಅಷ್ಟರಲ್ಲಿ ದೊಡ್ಡದೊಂದು ಪುಸ್ತಕದ ಕೆಲಸ ಕೈತಪ್ಪಿತ್ತು. ಯಂತ್ರಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು.

ವಕೀಲರ ಹತ್ತಿರ ಹೋದೆ. ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವರು ಮೊದಲು ಕೇಳಿದ್ದು, “ರೋಲರ್ ಇಲ್ಲದೆ ಯಂತ್ರ ನಿಲ್ಲುತ್ತೆ, ಕೈಯಲ್ಲಿ ಇಂಥ ಕೆಲಸ ಇದೆ ಅಂತ ಕೊಡುವಾಗಲೇ ಅವರಿಗೆ ಹೇಳಿದ್ರಾ?” ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ.

ಆಗ ಅವರು 1854ರ ಒಂದು ಮೊಕದ್ದಮೆಯ ಕಥೆ ಹೇಳಿದರು. ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಒಂದು ಗಿರಣಿಯ ಕ್ರ್ಯಾಂಕ್ ಶಾಫ್ಟ್ ಮುರಿಯಿತು. ಅದನ್ನೇ ಮಾದರಿಯಾಗಿಟ್ಟು ಹೊಸದು ಮಾಡಿಸಲು ಗ್ರೀನಿಚ್‌ಗೆ ಕಳಿಸಬೇಕಿತ್ತು. ಸಾಗಣೆದಾರರು ತಡಮಾಡಿದರು, ಗಿರಣಿ ಅಷ್ಟು ದಿನ ಹೆಚ್ಚಿಗೆ ನಿಂತಿತು. ಹೋದ ಲಾಭ ತುಂಬಿಕೊಡಿ ಎಂಬ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಮಾತು ತಪ್ಪಿದಾಗ ಯಾರಿಗಾದರೂ ಸಹಜವಾಗಿ ಆಗುವ ನಷ್ಟಕ್ಕೆ ಪರಿಹಾರ ಉಂಟು. ಅದಕ್ಕೂ ಮೀರಿದ ವಿಶೇಷ ನಷ್ಟ ಬೇಕೆಂದರೆ, ಕರಾರು ಮಾಡಿಕೊಳ್ಳುವಾಗಲೇ ಅದು ಎರಡೂ ಕಡೆಯವರ ಗಮನದಲ್ಲಿರಬೇಕು ಎಂದಿತು. ಇಂಗ್ಲಿಷ್ ಕಾನೂನಿನ ಜಾಡು ಹಿಡಿದ ದೇಶಗಳಲ್ಲಿ ಇವತ್ತಿಗೂ ಇದೇ ಅಳತೆಗೋಲು.

ನಿಯಮ ಅನ್ಯಾಯದ್ದೆಂದು ನಾನು ಹೇಳುವುದಿಲ್ಲ. ರಬ್ಬರ್ ಹಾಕುವವನ ಜಾಗದಲ್ಲಿ ನಾನಿದ್ದರೆ, ಕಾಣದ ಯಾವುದೋ ಪುಸ್ತಕದ ನಷ್ಟ ನನ್ನ ಕೂಲಿಯ ಮೇಲೆ ಬೀಳಬಾರದೆಂದೇ ವಾದಿಸುತ್ತಿದ್ದೆ. ನನ್ನ ತಕರಾರು ಬೇರೆ. ಸಹಿ ಹಾಕುವ ದಿನ ತಿಳಿದಿರಬೇಕಾದ ಈ ಮಾತು ನಮ್ಮಂಥವರಿಗೆ ತಿಳಿಯುವುದು ವಕೀಲರ ಬೆಂಚಿನ ಮೇಲೆ ಕೂತಾಗ.

ಅವರ ಎರಡನೇ ಪ್ರಶ್ನೆ ಇನ್ನೂ ಚುಚ್ಚಿತು. “ಆ ಕೆಲಸವನ್ನ ಬೇರೆ ಪ್ರೆಸ್ಸಲ್ಲಿ ಮಾಡಿಸೋಕೆ ನೋಡಿದ್ರಾ?” ಇಲ್ಲ. ದಿನಾ ಫೋನ್ ಮಾಡಿ ಜಗಳವಾಡುತ್ತ ಕೂತಿದ್ದೆ. ನಷ್ಟವನ್ನು ತಗ್ಗಿಸಲು ಕೈಲಾದದ್ದನ್ನು ಮಾಡದೆ ಸುಮ್ಮನಿದ್ದರೆ, ತಪ್ಪಿಸಬಹುದಾಗಿದ್ದ ಭಾಗಕ್ಕೆ ಪರಿಹಾರ ಸಿಗದು. ಫೋನಿನ ಜಗಳಕ್ಕೆ ದಾಖಲೆಯೂ ಇಲ್ಲ.

ಉಳಿದ ದಾರಿಗಳೂ ಇವೆ, ಪ್ರತಿಯೊಂದಕ್ಕೂ ಒಂದು ‘ಆದರೆ’ ಇದೆ. ತಪ್ಪು ಕರಾರಿನ ಬುಡಕ್ಕೇ ಪೆಟ್ಟು ಕೊಡುವಂಥದ್ದಾದರೆ ಕರಾರು ಕೊನೆಗಾಣಿಸಬಹುದು; ಸಣ್ಣ ಲೋಪಕ್ಕೆ ಸಿಟ್ಟಾಗಿ ಹರಿದೆಸೆದರೆ ಕರಾರು ಮುರಿದವರು ನಾವೇ ಆಗುತ್ತೇವೆ. ಒಪ್ಪಿದ ಕೆಲಸವನ್ನೇ ಮಾಡಿಸಿಕೊಡಿ ಎಂದೂ ಕೇಳಬಹುದು. ಜರ್ಮನಿಯಲ್ಲಿ ಅದೇ ಮೊದಲ ಹಕ್ಕು. ಇಂಗ್ಲೆಂಡಿನಲ್ಲಿ ಜಮೀನಿನಂಥ ಬದಲಿ ಸಿಗದ ವಸ್ತುಗಳಿಗೇ ಹೆಚ್ಚಾಗಿ ಸಲ್ಲುತ್ತದೆ. ಬಲವಂತವಾಗಿ ದುಡಿಸುವಂತಿಲ್ಲ. 1852ರಲ್ಲಿ ಒಬ್ಬ ಗಾಯಕಿ ಒಪ್ಪಿಕೊಂಡ ರಂಗಮಂದಿರ ಬಿಟ್ಟು ಬೇರೆಡೆ ಹಾಡಲು ಹೊರಟಾಗ, ಲಂಡನ್ನಿನ ನ್ಯಾಯಾಲಯ ಬೇರೆಡೆ ಹಾಡದಂತೆ ತಡೆಯಾಜ್ಞೆ ಕೊಟ್ಟಿತೇ ಹೊರತು ಹಾಡಿ ಎಂದು ಹೇಳಲಿಲ್ಲ. ಇದಕ್ಕೆಲ್ಲ ಗಡುವೂ ಉಂಟು: ದಾವೆ ಹೂಡಲು ಭಾರತದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6.

ನನ್ನದು ರಾಜಿಯಲ್ಲಿ ಮುಗಿಯಿತು. ಒಂದು ನೋಟಿಸು ಹೋಯಿತು, ಅವರು ಕೂಲಿ ಬಿಟ್ಟುಕೊಟ್ಟರು, ಪುಸ್ತಕದ ಕೆಲಸ ಹೋದದ್ದು ಹೋಯಿತು.

ಸಚಿವರೇ, ಹೊಸ ಕಾಯ್ದೆ ಮಾಡಿ ಎಂದು ಕೇಳುತ್ತಿಲ್ಲ. ಸಣ್ಣ ವ್ಯವಹಾರದವರಿಗೆಂದು ನಿಮ್ಮ ಇಲಾಖೆ ಒಂದು ಹಾಳೆಯ ಮಾದರಿ ಕರಾರು ಹೊರಡಿಸಲಿ, ಆಡುಮಾತಿನಲ್ಲಿ. ಅದರಲ್ಲಿ ‘ತಡವಾದರೆ ನನಗಾಗುವ ನಷ್ಟ ಇದು’ ಎಂದು ಬರೆಯಲು ಒಂದು ಖಾಲಿ ಸಾಲು ಇರಲಿ, ಅದರ ಕೆಳಗೆ ಇಬ್ಬರ ಸಹಿ ಬೀಳಲಿ. ತಡವಾದ ದಿನಕ್ಕೆ ಇಷ್ಟೆಂದು ಮೊದಲೇ ಗೊತ್ತುಮಾಡಿಕೊಳ್ಳಲು ಇನ್ನೊಂದು ಸಾಲು. ಎದುರಿನವರನ್ನು ಹೆದರಿಸಲೆಂದೇ ಬರೆದ ಮೊತ್ತ ಕೋರ್ಟಿನಲ್ಲಿ ನಿಲ್ಲದಿರಬಹುದು ಎಂಬ ಎಚ್ಚರಿಕೆ ಪಕ್ಕದಲ್ಲೇ ಇರಲಿ. ಹಾಳೆಯ ಹಿಂಬದಿಯಲ್ಲಿ ದೂರು ಎಲ್ಲಿ, ಎಷ್ಟು ದಿನದೊಳಗೆ ಎಂಬುದು. ಓದಲು ಭೂತಗನ್ನಡಿ ಬೇಕಾಗದಷ್ಟು ದೊಡ್ಡ ಅಕ್ಷರದಲ್ಲಿ. ಅಕ್ಷರದ ಅಳತೆ ನನ್ನ ಕಸುಬು, ಅದಕ್ಕೇ ಹೇಳಿದೆ.

ಅಂಥದ್ದೊಂದು ಕರಡು ನಾನೇ ಬರೆದು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ತಿದ್ದುವುದು ನಿಮ್ಮವರಿಗೆ ಬಿಟ್ಟದ್ದು. ಮೊದಲ ಸಾವಿರ ಪ್ರತಿ ಪುಕ್ಕಟೆಯಾಗಿ ನಾನು ಅಚ್ಚುಹಾಕಿಕೊಡುತ್ತೇನೆ. ರೋಲರುಗಳು ಸದ್ಯಕ್ಕೆ ಚೆನ್ನಾಗಿಯೇ ತಿರುಗುತ್ತಿವೆ.

ಇತಿ,
ಒಬ್ಬ ಮುದ್ರಕ