ಮುರ್ಟೋವಾದಿಂದ, ಬೇಳೆಯ ವಿಷಯ

ಗೆಳೆಯಾ,

"ಆ ಹಳ್ಳೀಲಿ ನೋಡೋಕೆ ಏನಿದ್ಯೋ?" ಅಂತ ಕೇಳಿದ್ದೆಯಲ್ಲ, ಒಂದು ಗೋದಾಮು ಇದೆ. ನಗಬೇಡ.

ಮುರ್ಟೋವಾ ಮೆಲ್ಬರ್ನಿನಿಂದ ಸುಮಾರು 300 ಕಿಲೋಮೀಟರ್ ದೂರ. ಸಾವಿರ ಜನವೂ ಇಲ್ಲ. ಒಂದು ಕೆರೆ, ರೈಲು ಹಳಿ, ಸುತ್ತ ಕಣ್ಣು ಹಾಯುವಷ್ಟೂ ಹೊಲ. ಕೆಲಸಕ್ಕೆ ದಿನಾ ಹಾರ್ಷಮ್‌ಗೆ ಹೋಗಿ ಬರುತ್ತೇನೆ. ಎದುರು ಬರುವವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ಅಷ್ಟಕ್ಕೇ ನಮಸ್ಕಾರ ಆಯ್ತು. ಮೊದಲ ವಾರ ನಾನು ಪುಢಾರಿ ಥರ ಪೂರ್ತಿ ಕೈ ಬೀಸುತ್ತಿದ್ದೆ!

ಗೋದಾಮಿನ ಹೆಸರು ಸ್ಟಿಕ್ ಶೆಡ್. 1941-42ರಲ್ಲಿ ಕಟ್ಟಿದ್ದು. ಯುದ್ಧದ ಕಾಲ, ಹಡಗು ಸಿಗದೆ ಗೋಧಿ ಇಲ್ಲೇ ಉಳಿಯಿತು. ಕಬ್ಬಿಣಕ್ಕೂ ಬರ. ಸರಿ, 560 ಮರದ ಕಾಂಡಗಳನ್ನೇ ಕಂಬವಾಗಿ ನೆಟ್ಟು ಮೇಲೆ ತಗಡು ಹೊದಿಸಿದರು. ಕಣದಲ್ಲಿ ರಾಶಿ ಹೇಗೆ ಇಳಿಜಾರಾಗಿ ನಿಲ್ಲುತ್ತೋ ಚಾವಣಿಯೂ ಹಾಗೇ ಇದೆ. ಬಂದವರೆಲ್ಲ ಒಳಗೆ ನಿಂತು ಚರ್ಚ್ ನೆನಪಾಗುತ್ತೆ ಅಂತಾರೆ. ನನಗೆ ನೆನಪಾಗಿದ್ದು ತೀರ್ಥಹಳ್ಳಿಯ ನಿಮ್ಮ ಅಡಿಕೆ ತೋಟ.

ಮಾರಲಾಗದ ಕಾಳಿನ ಕಥೆ ಅಲ್ಲಿಗೇ ಮುಗಿದಿಲ್ಲ ನೋಡು. ಪಕ್ಕದ ಮನೆಯವರು ಎಪ್ಪತ್ತು ದಾಟಿದ ರೈತರು. ಅವರು ಬೆಳೆಯುವುದು ಮಸೂರ್. ಗಿಡ ಮೊಣಕಾಲೂ ಮುಟ್ಟುವುದಿಲ್ಲ, ಕಾಯಿ ನೆಲದ ಹತ್ತಿರವೇ. ಕೊಯ್ಲು ಯಂತ್ರಕ್ಕೆ ಕಲ್ಲು ತಗಲದಿರಲಿ ಅಂತ ಬಿತ್ತಿದ ಮೇಲೆ ಹೊಲಕ್ಕೆಲ್ಲ ರೋಲರ್ ಎಳೆಯುತ್ತಾರೆ. 2017ರ ಡಿಸೆಂಬರ್‌ನಲ್ಲಿ ಭಾರತ ಮಸೂರ್ ಆಮದಿಗೆ 30% ಸುಂಕ ಹಾಕಿತ್ತು. ನನಗೆ ಗೊತ್ತೇ ಇರಲಿಲ್ಲ. ಇವರಿಗೆ ತಿಂಗಳ ಸಮೇತ ನೆನಪಿದೆ. "ನಿಮ್ಮ ದಿಲ್ಲಿಯವರು" ಅಂತ ಶುರು ಮಾಡಿದರೆ ತೆರಿಗೆ ಹಾಕಿದವನು ನಾನೇ ಅನ್ನೋ ಹಾಗೆ ನೋಡುತ್ತಾರೆ.

ತಮಾಷೆ ಅಂದ್ರೆ, ಇಷ್ಟು ವರ್ಷ ಬೆಳೆದರೂ ಅದನ್ನು ಒಮ್ಮೆಯೂ ಬೇಯಿಸಿ ತಿಂದವರಲ್ಲ. ಹೋದ ಭಾನುವಾರ ಊಟಕ್ಕೆ ಕರೆದು ಸಾರು ಮಾಡಿದೆ. ಬೆಳ್ಳುಳ್ಳಿ ಒಗ್ಗರಣೆ ಚಟಪಟ ಅಂದಾಗ ಕುರ್ಚಿ ಹಿಂದೆ ಸರಿಸಿದರು. ಆಮೇಲೆ ಬ್ರೆಡ್ ಅದ್ದಿಕೊಂಡು, ಮೂಗು ಒರೆಸಿಕೊಂಡು ಎರಡು ಬಟ್ಟಲು ಮುಗಿಸಿದರು. ಮರುದಿನ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಬಕೆಟ್ ತುಂಬ ಮಸೂರ್, ಸಿಪ್ಪೆ ಸಮೇತ.

ಈಗ ಒಂದು ಕೆಲಸ ಮಾಡು. ನಿಮ್ಮಮ್ಮನ ಹತ್ತಿರ ಸಾರಿನ ಪುಡಿಯ ಅಳತೆ ಕೇಳಿ ಬರೆ. ಪಾವು, ಹಿಡಿ ಎಲ್ಲ ಬೇಡ, ಗ್ರಾಂ ಲೆಕ್ಕದಲ್ಲಿ ಇರಲಿ. ಪಕ್ಕದ ಮನೆಯ ರೈತರು ಬರೆದಿಟ್ಟುಕೊಳ್ಳುತ್ತಾರಂತೆ.

ಇಂತಿ,
ನಿನ್ನವನು