ಗಂಟೆಯ ಸದ್ದು ತಡೆಯದ ಮಗುವಿಗೆ ಸರ್ಟಿಫಿಕೇಟ್ ಏಕೆ ಬೇಕು?

ಮಾನ್ಯರೇ,

ಶಾಲೆಗಳು ಮತ್ತೆ ಶುರುವಾಗಿವೆ. ಗಂಟೆ ಹೊಡೆದೊಡನೆ ಕಿವಿ ಮುಚ್ಚಿ ಬೆಂಚಿನ ಕೆಳಗೆ ಸೇರುವ, ಯೂನಿಫಾರ್ಮ್ ತೊಡಿಸಲು ಹೋದರೆ ಚೀರುವ, ಬಿಸಿಯೂಟದ ಸಾಲಿನಲ್ಲಿ ಯಾರದಾದರೂ ಮೈ ತಾಗಿದರೆ ತಳ್ಳಿಬಿಡುವ ಮಕ್ಕಳ ಮೇಲೆ ಇನ್ನು ದೂರುಗಳೂ ಶುರುವಾಗುತ್ತವೆ. ಇಂಥ ಹಲವರಿಗೆ ಸದ್ದು, ಸ್ಪರ್ಶ, ಬೆಳಕು, ವಾಸನೆ ಉಳಿದವರಿಗಿಂತ ಬಹಳ ತೀವ್ರವಾಗಿ ತಟ್ಟುತ್ತವೆ. ಕೆಲವರಿಗೆ ಇದು ತದ್ವಿರುದ್ಧ: ಹೆಸರು ಕೂಗಿದರೂ ತಿರುಗುವುದಿಲ್ಲ, ಅಂಗಿಯ ಕಾಲರ್ ಅಗಿಯುತ್ತಲೇ ಇರುತ್ತಾರೆ, ಮೂತ್ರದ ಒತ್ತಡ ಕೊನೆಯ ಕ್ಷಣದವರೆಗೂ ತಿಳಿಯುವುದಿಲ್ಲ. ಎರಡನ್ನೂ ಇಂದ್ರಿಯ ಸಂವೇದನೆಯ ತೊಂದರೆ ಎನ್ನುತ್ತೇವೆ.

ಪೋಷಕರು ಸಹಾಯ ಕೇಳಿದರೆ ಅನೇಕ ಶಾಲೆಗಳ ಉತ್ತರ ಒಂದೇ, 'ಅಂಗವೈಕಲ್ಯದ ಸರ್ಟಿಫಿಕೇಟ್ ತನ್ನಿ.' 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ, ಇಂಥ ತೊಂದರೆ ಹೆಚ್ಚಾಗಿ ಜೊತೆಗಿರುವ ಆಟಿಸಂ ಇದೆ. ಇಂದ್ರಿಯ ಸಂವೇದನೆಯ ತೊಂದರೆ ಪ್ರತ್ಯೇಕವಾಗಿ ಇಲ್ಲ. ಬರೀ ಈ ತೊಂದರೆಯಿರುವ ಮಗುವಿನ ತಾಯಿ ಎಷ್ಟು ಅಲೆದರೂ ಆ ಕಾಗದ ಕೈಗೆ ಬಾರದು. ಆದರೆ ಮಾಡಬೇಕಾದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಕಾಗದವೇ ಬೇಕಿಲ್ಲ.

ಗಂಟೆ ಹೊಡೆಯುವ ಒಂದು ನಿಮಿಷ ಮೊದಲು ಮಗುವಿಗೆ ತಿಳಿಸಿದರೆ ಸಾಕು, ಬೆಚ್ಚುವುದು ಕಡಿಮೆಯಾಗುತ್ತದೆ. ಮಗು ಒಪ್ಪಿದರೆ ಗಂಟೆ ಹೊಡೆಯುವ ಕೆಲಸವನ್ನೇ ಅದಕ್ಕೆ ವಹಿಸಬಹುದು; ಯಾವಾಗ, ಎಷ್ಟು ಜೋರು ಎಂಬುದು ತನ್ನ ಕೈಯಲ್ಲಿದ್ದರೆ ಸದ್ದನ್ನು ತಾಳಿಕೊಳ್ಳುವುದು ಸುಲಭ. ಸದ್ದು ತಡೆಯುವ ಇಯರ್‌ಮಫ್ ಪ್ರಾರ್ಥನೆ, ಬಿಸಿಯೂಟ, ವಾರ್ಷಿಕೋತ್ಸವದ ಹೊತ್ತಿಗೆ ಮಾತ್ರ ಇರಲಿ. ದಿನವಿಡೀ ಹಾಕಿದರೆ ಕಿವಿ ಆ ಮೌನಕ್ಕೆ ಒಗ್ಗಿ, ತೆಗೆದಾಗ ಸಣ್ಣ ಸದ್ದೂ ದೊಡ್ಡದೆನಿಸುತ್ತದೆ.

ಹೊಸ ಯೂನಿಫಾರ್ಮನ್ನು ತೊಡಿಸುವ ಮೊದಲು ನಾಲ್ಕೈದು ಬಾರಿ ಒಗೆದರೆ ಗಂಜಿ ಬಿಟ್ಟು ಬಟ್ಟೆ ಮೆತ್ತಗಾಗುತ್ತದೆ. ಕತ್ತಿನ ಲೇಬಲ್ಲನ್ನು ಕತ್ತರಿಯಿಂದ ಕತ್ತರಿಸಬೇಡಿ. ಉಳಿದ ಮೊಂಡು ತುದಿ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಹೊಲಿಗೆಯನ್ನೇ ಬಿಚ್ಚಿ ತೆಗೆಯಿರಿ. ಕಾಲುಚೀಲದ ಹೊಲಿಗೆ ಬೆರಳಿಗೆ ಒತ್ತುವುದಾದರೆ ಒಳಹೊರಗು ಮಾಡಿ ಹಾಕಬಹುದು. ಇದಕ್ಕೆ ಶಿಸ್ತಿನ ಹೆಸರಲ್ಲಿ ದಂಡನೆ ಖಂಡಿತ ಸಲ್ಲದು.

ತರಗತಿಯಲ್ಲಿ ಬಾಗಿಲ ಬಳಿ, ಸದ್ದು ಮಾಡುವ ಫ್ಯಾನಿನ ಕೆಳಗೆ ಕೂರಿಸುವ ಬದಲು ಗೋಡೆಯ ಪಕ್ಕ ಕೂರಿಸಿ. ಹಿಂದಿನಿಂದ ಬಂದು ಹಗುರವಾಗಿ ಮುಟ್ಟುವುದು ಈ ಮಕ್ಕಳಿಗೆ ಹುಳ ಹರಿದಂತೆ. ಎದುರಿಗೆ ಬಂದು, ಹೇಳಿ, ಹೆಗಲ ಮೇಲೆ ಅಂಗೈಯನ್ನು ದೃಢವಾಗಿ ಊರಿ. ಕಾಲಾಡಿಸುತ್ತಲೇ ಇರುವ ಮಗುವಿನ ಕುರ್ಚಿಯ ಮುಂಗಾಲುಗಳಿಗೆ ಹಳೆ ಸೈಕಲ್ ಟ್ಯೂಬ್ ಬಿಗಿದರೆ, ಅದನ್ನು ಒದೆಯುತ್ತಾ ಪಾಠ ಕೇಳುತ್ತದೆ. ಮೈ ಸ್ಥಿಮಿತಕ್ಕೆ ಬರಲು, ಬರವಣಿಗೆಗೆ ಮುನ್ನ 5–10 ನಿಮಿಷ ಮೈಗೆ ಭಾರ ಬೀಳುವ ಕೆಲಸ ಕೊಡಿ: ನೋಟ್‌ಬುಕ್ಕಿನ ಕಟ್ಟು ಹೊತ್ತೊಯ್ಯುವುದು, ಬೋರ್ಡ್ ಒರೆಸುವುದು, ಎರಡೂ ಕೈಯಿಂದ ಗೋಡೆ ತಳ್ಳುವುದು. ತರಲೆ ಮಾಡಿತೆಂದು ಆಟದ ಪೀರಿಯಡ್ ಕಿತ್ತುಕೊಳ್ಳುವುದು ನಮ್ಮ ಶಾಲೆಗಳ ದೊಡ್ಡ ತಪ್ಪು. ಆ ಮಗುವಿನ ಮೈ ಬೇಡುತ್ತಿರುವುದೇ ಅದನ್ನು.

ಮನೆಯಲ್ಲಿ ಚಪಾತಿ ಹಿಟ್ಟು ನಾದುವುದು, ಅರ್ಧ ಬಕೆಟ್ ನೀರು ಗಿಡಗಳಿಗೆ ಹೊರುವುದು ಇದೇ ಕೆಲಸ ಮಾಡುತ್ತವೆ. ಉಗುರನ್ನು ಸ್ನಾನದ ನಂತರ, ಮೆತ್ತಗಿರುವಾಗ ಕತ್ತರಿಸಿ. ಅನ್ನ ಸಾರು ಕಲಸಲು ಕೈ ಹೇಸುವ ಮಗುವಿಗೆ ಚಮಚ ಕೊಡಿ. ಹೊಸ ಪಲ್ಯವನ್ನು ಬೇರೆ ಬಟ್ಟಲಲ್ಲಿಡಿ. ಬಾಯಿಗೆ ತುರುಕಿದರೆ ಮಗು ತಿನ್ನುತ್ತಿದ್ದ ನಾಲ್ಕು ಪದಾರ್ಥಗಳೂ ಎರಡಕ್ಕಿಳಿಯುತ್ತವೆ. ಮೂತ್ರದ ಅರಿವಿಲ್ಲದ ಮಗುವನ್ನು ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಕಳಿಸುವುದು ಶಾಲೆಯಲ್ಲೂ ನಡೆಯಬೇಕು.

ಹಟದ ಅಳು ಕೇಳಿದ್ದು ಸಿಕ್ಕರೆ ನಿಲ್ಲುತ್ತದೆ. ಇಂದ್ರಿಯಗಳು ತುಂಬಿ ತುಳುಕಿದ ಅಳು ಹಾಗೆ ನಿಲ್ಲದು. ಆಗ ಬುದ್ಧಿಮಾತು, ಪ್ರಶ್ನೆ ಎಲ್ಲ ನಿಲ್ಲಿಸಿ, ಸುತ್ತ ನೆರೆದ ಮಕ್ಕಳನ್ನು ಆಚೆ ಕಳಿಸಿ. ಮಗು ಶಾಂತವಾಗಲು ಬೀರುವಿನ ಹಿಂದೆ ಚಾಪೆ ಹಾಸಿದ ಒಂದು ಮೂಲೆಯಿದ್ದರೂ ಸಾಕು. ಅದನ್ನು ಶಿಕ್ಷೆಗೆ ಒಮ್ಮೆ ಬಳಸಿದರೂ ಮಗು ಮತ್ತೆಂದೂ ಅಲ್ಲಿಗೆ ತಾನಾಗಿ ಹೋಗುವುದಿಲ್ಲ.

ಇದರ ಜೊತೆಗೆ ಕಿವಿ, ಕಣ್ಣಿನ ಪರೀಕ್ಷೆ ತಪ್ಪಿಸಬಾರದು. ಕರೆದರೆ ತಿರುಗದ ಮಗುವಿಗೆ ನಿಜಕ್ಕೂ ಕಿವಿ ಕೇಳಿಸದಿರಬಹುದು. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಉಚಿತ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನೂ ಪೋಷಕರು ಕೇಳಬಹುದು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ಶಿಕ್ಷಕರ ಮುಂದಿನ ಸಮಾಲೋಚನಾ ಸಭೆಯಲ್ಲೇ ಈ ವಿಷಯಕ್ಕೆ ಒಂದು ಗಂಟೆ ಮೀಸಲಿಟ್ಟು, ಸರ್ಟಿಫಿಕೇಟ್ ಕೇಳದೆ ಈ ಸೌಲಭ್ಯ ಕೊಡುವಂತೆ ಮುಖ್ಯ ಶಿಕ್ಷಕರಿಗೆ ಸೂಚಿಸಬೇಕೆಂದು ಕೋರುತ್ತೇವೆ.

– ಕೆಲವು ವಿಶೇಷ ಶಿಕ್ಷಕರು ಮತ್ತು ಆಕ್ಯುಪೇಷನಲ್ ಥೆರಪಿಸ್ಟರು, ಮೈಸೂರು