ಅಡಿಕೆ ರೇಟಿನ ಪಕ್ಕ ನಮ್ಮೂರ ನೀರಿನ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ಭದ್ರಾ ಡ್ಯಾಂ ಎಷ್ಟು ಅಡಿ, ವಾಣಿವಿಲಾಸ ಸಾಗರ ಎಷ್ಟು ಅಡಿ ಅಂತ ಬರುತ್ತದೆ. ಚನ್ನಗಿರಿ, ಭೀಮಸಮುದ್ರದ ಅಡಿಕೆ ಧಾರಣೆ ಬರುತ್ತದೆ, ದಾವಣಗೆರೆಯ ಮೆಕ್ಕೆಜೋಳದ ರೇಟು ಬರುತ್ತದೆ. ಜನ ಅದನ್ನು ಓದಿ ಮಾಲು ಇವತ್ತು ಮಾರೋಣವಾ, ಇನ್ನೊಂದು ವಾರ ಇಡೋಣವಾ ಅಂತ ತೀರ್ಮಾನ ಮಾಡುತ್ತಾರೆ. ಅದೇ ಜಾಗದಲ್ಲಿ ಇನ್ನೊಂದು ಸಣ್ಣ ಬಾಕ್ಸ್ ಹಾಕಿ ಅಂತ ಕೇಳುವುದಕ್ಕೆ ಬರೆಯುತ್ತಿದ್ದೇನೆ. ಯಾವ ಊರಿನ ಕುಡಿಯುವ ನೀರಿನಲ್ಲಿ ಫ್ಲೋರೈಡ್ (ಕಲ್ಲಿನಿಂದ ನೀರಿಗೆ ಸೇರುವ, ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಅಂಶ) ಎಷ್ಟಿದೆ ಅಂತ ಹೇಳುವ ಬಾಕ್ಸ್. ನಾನು ಜಗಳೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮನೆ ದಾವಣಗೆರೆಯಲ್ಲಿ.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ನೆನಪಿರಬೇಕು ಅಲ್ವಾ. ಇವತ್ತು ಒಬ್ಬರು, ನಿನ್ನೆ ಇಬ್ಬರು, ಒಟ್ಟು ಇಷ್ಟು ಅಂತ ಟಿವಿಯಲ್ಲಿ ದಿನವೂ ಎಣಿಕೆ. ಅದನ್ನು ನೋಡಿ ಹೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯೇ ಸಾಲು ನಿಂತರು. ಅಷ್ಟು ದೂರದ ನಮ್ಮ ದಾವಣಗೆರೆಯಲ್ಲೂ ಗಟ್ಟಿಮುಟ್ಟಾದ ಹುಡುಗರು ಇಸಿಜಿ ಮಾಡಿಸಲು ಓಡಾಡಿದ್ದನ್ನು ನಾನೇ ಕಂಡಿದ್ದೇನೆ. ಕೋವಿಡ್ ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟಿದ್ದೂ ಕಾರಣ ಇರಬಹುದು ಅಂತ ಮುಖ್ಯಮಂತ್ರಿಗಳೇ ಅಂದರು. ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರು ಪರಿಶೀಲಿಸಿ, ಹಾಸನದಲ್ಲಿ ದಿಢೀರ್ ಏರಿಕೆ ಏನೂ ಆಗಿಲ್ಲ, ಲಸಿಕೆಯ ಸಂಬಂಧವೂ ಕಂಡಿಲ್ಲ ಅಂದರು. ಬಿಪಿ, ಶುಗರ್, ಸಿಗರೇಟು, ಬೊಜ್ಜು ಇವೇ ಹಳೇ ಕಾರಣಗಳು. ಭಯದ ಸುದ್ದಿ ವಾರಗಟ್ಟಲೆ ಓಡಿತು, ಈ ವರದಿಯ ಸುದ್ದಿ ಒಂದೆರಡು ದಿನಕ್ಕೆ ಮುಗಿಯಿತು. ನನ್ನ ಜೊತೆ ಕೆಲಸ ಮಾಡುವ ಕೆಲವರು ಇವತ್ತಿಗೂ ಲಸಿಕೆಯಿಂದಲೇ ಆಯ್ತು ಅಂತ ನಂಬಿದ್ದಾರೆ.

ನಮ್ಮ ಕಡೆಯ ಫ್ಲೋರೈಡ್ ನೀರಿನಿಂದ ಯಾರೂ ರಾತ್ರೋರಾತ್ರಿ ಸಾಯುವುದಿಲ್ಲ. ಎಣಿಸುವುದಕ್ಕೆ ಹೆಣ ಇಲ್ಲ, ಅದಕ್ಕೇ ಅದು ಸುದ್ದಿಯಾಗುವುದಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಸೀಮೆಯಲ್ಲಿ ಮಳೆ ಕಮ್ಮಿ, ಬೋರ್ ಆಳ. ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು ಆ ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಆಗಬಹುದು. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕ ಮಕ್ಕಳು ಕುಡಿಯುತ್ತಾ ಬಂದರೆ ಒಸಡಿನೊಳಗೆ ಇನ್ನೂ ಬೆಳೆಯುತ್ತಿರುವ ಹಲ್ಲೇ ಕೆಡುತ್ತದೆ. ಮೊದಲು ಬಿಳಿ ಮಚ್ಚೆ, ಜಾಸ್ತಿಯಾದರೆ ಕಂದು ಗೆರೆ. ಉಜ್ಜಿದರೆ ಹೋಗುವ ಕಲೆ ಅಲ್ಲ ಅದು. ಪ್ರಮಾಣ ತೀರಾ ಜಾಸ್ತಿ ಇದ್ದು ಬಹಳ ವರ್ಷ ಕುಡಿದರೆ ಮೂಳೆಗೂ ಇಳಿಯುತ್ತದೆ. ಕುತ್ತಿಗೆ ತಿರುಗಲ್ಲ, ಸೊಂಟ ಬಗ್ಗಲ್ಲ, ಕೀಲು ಹಿಡಿದುಕೊಳ್ಳುತ್ತದೆ. ಊರಲ್ಲಿ ಅದನ್ನು ವಯಸ್ಸಾಯ್ತು ಅಂತಾರೆ, ವಾಯು ಅಂತಾರೆ, ಎಣ್ಣೆ ತಿಕ್ಕುತ್ತಾರೆ.

ಜನರಿಗೆ ಏನೂ ಹೇಳಿಲ್ಲ ಅಂತ ಅಲ್ಲ. ಹೇಳಿದ್ದು ಅರ್ಧಂಬರ್ಧ, ಅದೇ ನನ್ನ ಸಂಕಟ. ಪೇಸ್ಟಿನ ಜಾಹೀರಾತು ಫ್ಲೋರೈಡ್ ಹಲ್ಲಿಗೆ ಒಳ್ಳೇದು ಅನ್ನುತ್ತದೆ. ಅದು ಸುಳ್ಳಲ್ಲ, ಉಜ್ಜಿ ಉಗುಳುವ ಪೇಸ್ಟಿನಲ್ಲಿ ಅದು ಹುಳುಕು ತಡೆಯುತ್ತದೆ. ಆದರೆ ನಮ್ಮ ಮಕ್ಕಳಿಗೆ ಅದು ಹುಟ್ಟಿದಾಗಿನಿಂದ ದಿನವೂ ಹೊಟ್ಟೆಗೆ ಇಳಿಯುತ್ತಿದೆ. ಈ ವ್ಯತ್ಯಾಸ ಯಾವ ಜಾಹೀರಾತಿನಲ್ಲೂ ಇಲ್ಲ. "ಸರ್, ಪೇಸ್ಟಲ್ಲಿದ್ರೇ ಒಳ್ಳೇದು ಅಂದ್ಮೇಲೆ ನೀರಲ್ಲಿದ್ರೆ ಇನ್ನೂ ಒಳ್ಳೇದಲ್ವಾ?" ಅಂತ ಎಂಟನೇ ಕ್ಲಾಸಿನ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಅದನ್ನು ಬಿಡಿಸಿ ಹೇಳಲು ನನಗೆ ಒಂದು ಪೀರಿಯಡ್ ಬೇಕಾಯಿತು, ಅವನ ಮನೆಯವರಿಗೆ ಯಾರು ಹೇಳಬೇಕು?

ಇನ್ನೊಂದು, ನೀರು ಕಾಯಿಸಿ ಆರಿಸಿ ಕುಡಿಯಿರಿ ಅನ್ನುವ ಪ್ರಚಾರ. ವಾಂತಿಭೇದಿಗೆ, ಕಾಲರಾಕ್ಕೆ ಅದು ನೂರಕ್ಕೆ ನೂರು ಸರಿ. ಫ್ಲೋರೈಡ್ ಮಾತ್ರ ಕಾಯಿಸಿದರೆ ಹೋಗುವುದಿಲ್ಲ. ಕುದ್ದು ನೀರು ಕಮ್ಮಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ, ಮನೆಯ ಕ್ಯಾಂಡಲ್ ಫಿಲ್ಟರಿಗೂ ಸಿಗಲ್ಲ, ಆರ್‌ಓ ಥರದ ಯಂತ್ರವೇ ಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ತಾಯಂದಿರು ಸೌದೆ ಉರಿಸಿ, ಹೊಗೆ ಕುಡಿದು, ಬೋರ್ ನೀರನ್ನು ಚೆನ್ನಾಗಿ ಕುದಿಸಿ ಮಕ್ಕಳಿಗೆ ಕೊಡುತ್ತಿದ್ದಾರೆ. ಹೇಳಿದ ಮಾತನ್ನು ಕೇಳಿ ನಡೆದವರು ಅವರು. ಅವರಿಗೆ ತಲುಪಿದ ಮಾತು ಅದೊಂದೇ. ಅಷ್ಟೆಲ್ಲ ಮಾಡಿಯೂ ಮಗುವಿನ ಹಲ್ಲು ಕಂದಾದರೆ ಊರವರು ಗುಟ್ಕಾ ಹಾಕುತ್ತಾನೆ ಅನ್ನುತ್ತಾರೆ. ಹೆಣ್ಣುಮಕ್ಕಳಂತೂ ದಾವಣಗೆರೆಯ ಕಾಲೇಜಿಗೆ ಸೇರಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾರೆ. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಸರಿಯಾಗಿ ಹೇಳದೆ ಬಿಟ್ಟ ಕಡೆ ವಾಟ್ಸ್‌ಆ್ಯಪ್ ಬಂದು ಕೂರುತ್ತದೆ. ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಇದೆ ಅಂತ ಹರಿದಾಡಿದ ವಿಡಿಯೋಗಳನ್ನೇ ನೋಡಿ. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿಯ ಆಕಾರಕ್ಕೆ ತಂದ ಕಾಳು. ಮಾಮೂಲಿ ಅಕ್ಕಿ ನೂರು ಕಾಳಿದ್ದರೆ ಇದನ್ನು ಒಂದು ಕಾಳಿನ ಲೆಕ್ಕದಲ್ಲಿ ಬೆರೆಸುತ್ತಿದ್ದರು. ಇಂಥ ಅಕ್ಕಿ ಕೊಡುತ್ತೇವೆ ಅಂತ 2021ರ ಆಗಸ್ಟ್ 15ರಂದು ಪ್ರಧಾನಿಗಳು ಕೆಂಪು ಕೋಟೆಯಿಂದಲೇ ಹೇಳಿದ್ದರು. ಆದರೆ ಆ ಕಾಳು ನೋಡಲು ಹೇಗಿರುತ್ತದೆ, ಅಕ್ಕಿ ತೊಳೆಯುವಾಗ ಕೆಲವು ಯಾಕೆ ತೇಲುತ್ತವೆ ಅಂತ ನಮ್ಮೂರ ಸೊಸೈಟಿ ಮುಂದೆ ಚೀಲ ಹಿಡಿದು ನಿಂತವರಿಗೆ ಯಾರೂ ಹೇಳಲಿಲ್ಲ. ರಕ್ತ ಕಮ್ಮಿ ಅಂತ ಮಾತ್ರೆ ನುಂಗುತ್ತಿರುವ ಹೆಣ್ಣುಮಗಳೇ ಮೊರ ಹಿಡಿದು ಕೂತು ಆ ಕಬ್ಬಿಣದ ಅಂಶದ ಕಾಳನ್ನು ಆರಿಸಿ ಆರಿಸಿ ಎಸೆಯುತ್ತಿದ್ದಳು.

2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಾಗಲೂ ಹೀಗೇ. ನೀರಿಗೆ ವಿಷ ಹಾಕಿದ್ದಾರೆ ಅನ್ನುವ ಮಾತೇ ಮೊದಲು ಹಬ್ಬಿತು, ಆಮೇಲೆ ಪರೀಕ್ಷೆಯಲ್ಲಿ ಕಾಲರಾ ರೋಗಾಣು ಕಂಡಿತು. ವಿಷದ ಕಥೆಗೆ ಸಿಕ್ಕ ಗಮನದಲ್ಲಿ ಕಾಲು ಭಾಗವಾದರೂ ಟ್ಯಾಂಕ್ ಯಾವಾಗ ತೊಳೆದರು, ಚರಂಡಿ ಪಕ್ಕದ ಪೈಪ್ ಎಲ್ಲಿ ಒಡೆದಿದೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇದೆಯಾ ಅನ್ನುವ ಪ್ರಶ್ನೆಗಳಿಗೆ ಸಿಗಬೇಕಿತ್ತು.

ಪತ್ರಿಕೆ ಮನಸ್ಸು ಮಾಡಿದರೆ ಒಂದು ವಿಷಯವನ್ನು ಆರದಂತೆ ಹಿಡಿದುಕೊಳ್ಳಬಹುದು ಅಂತ ನಮಗೆ ಗೊತ್ತಿದೆ. ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ಬಗ್ಗೆ ವರ್ಷಗಟ್ಟಲೆ ಸುದ್ದಿ ಬಂತು, ಪೈಪ್ ಎಲ್ಲಿವರೆಗೆ ಬಂತು ಅಂತ ಚಹಾ ಅಂಗಡಿಯಲ್ಲಿ ಕೂತವರೆಲ್ಲ ಹೇಳುತ್ತಿದ್ದರು. ನೀರಿನ ಗುಣಕ್ಕೂ ಅಷ್ಟೇ ಮಹತ್ವ ಕೊಡಿ ಅಂತ ನನ್ನ ಕೋರಿಕೆ.

ಲೆಕ್ಕ ಎಲ್ಲಿಂದ ತರೋದು ಅಂತ ನೀವು ಕೇಳಬಹುದು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತಿದೆ. ಪ್ರಯೋಗಾಲಯದ ಫಲಿತಾಂಶಗಳನ್ನು ವೆಬ್‌ಸೈಟಿಗೂ ಏರಿಸುತ್ತಾರೆ. ಆದರೆ ಅಲ್ಲಿಂದ ತಮ್ಮೂರಿನ ಸಂಖ್ಯೆ ಹುಡುಕಿ ತೆಗೆಯುವುದು ಕೂಲಿಗೆ ಹೋಗುವವರಿಗೆ ಆಗುವ ಕೆಲಸ ಅಲ್ಲ, ನಿಮ್ಮ ವರದಿಗಾರರಿಗೆ ಆಗುತ್ತದೆ. ಊರಿನ ಹೆಸರು, ನೀರು ಬೋರಿನದೋ ಫಿಲ್ಟರ್ ಘಟಕದ್ದೋ, ಪರೀಕ್ಷೆ ಮಾಡಿದ ತಾರೀಕು, ಫ್ಲೋರೈಡ್ ಎಷ್ಟು. 1.5 ದಾಟಿದ್ದರೆ ದಪ್ಪ ಅಕ್ಷರ. ತಿಂಗಳಿಗೊಮ್ಮೆ ಬಂದರೂ ಸಾಕು. ಜೊತೆಗೆ ಆ ಊರಿನ ಘಟಕ ನಡೆಯುತ್ತಿದೆಯಾ ಇಲ್ವಾ ಅಂತಲೂ ಹಾಕಿ. ಐದು ರೂಪಾಯಿ ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತಿದ್ದ ಘಟಕಕ್ಕೆ ನಾನು ಪಾಠ ಮಾಡುವ ಊರಲ್ಲಿ ತಿಂಗಳುಗಟ್ಟಲೆ ಬೀಗ ಬಿದ್ದಿತ್ತು. ಹೇಳಿದರೆ ಪಾರ್ಟ್ ಬರಬೇಕು ಅನ್ನುತ್ತಿದ್ದರು. ಪೇಪರಿನಲ್ಲಿ ಊರಿನ ಹೆಸರಿನ ಮುಂದೆ 'ಬಂದ್' ಅಂತ ಬಂದಿದ್ದರೆ ಆ ಪಾರ್ಟ್ ಬೇಗ ಬರುತ್ತಿತ್ತು ಅಂತ ನನ್ನ ನಂಬಿಕೆ.

ಇದನ್ನು ಊರಿನ ಹಿರಿಯರೊಬ್ಬರಿಗೆ ಹೇಳಿದಾಗ ಅವರು ಬೇಡಪ್ಪ ಅಂದರು. ಈ ಊರಿನ ನೀರು ಕೆಟ್ಟದ್ದು ಅಂತ ಪೇಪರಿನಲ್ಲಿ ಬಂದರೆ ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ ಅಂತ. ಅವರ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ. ಅದಕ್ಕೇ ಸಂಖ್ಯೆ ಒಂದನ್ನೇ ಹಾಕಬೇಡಿ, ಏನು ಮಾಡಬೇಕು ಅಂತಲೂ ಕೆಳಗೆ ಹಾಕಿ. ಈ ನೀರು ಸ್ನಾನಕ್ಕೆ, ಬಟ್ಟೆಗೆ ಪರವಾಗಿಲ್ಲ, ಕುಡಿಯಲು ಅಡುಗೆಗೆ ಬೇಡ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಘಟಕದ ಫಿಲ್ಟರ್ ನೀರು ಸಾಲದಿದ್ದರೆ ಮೊದಲು ಸಣ್ಣ ಮಕ್ಕಳಿಗೆ ಕೊಡಿ. ಇಷ್ಟು ಗೊತ್ತಾದರೆ ಜನ ಗಾಬರಿ ಬೀಳುವುದಿಲ್ಲ, ಪಂಚಾಯಿತಿಗೆ ಹೋಗಿ ಕೇಳುತ್ತಾರೆ. ಎಲ್ಲ ಊರಿನ ಲೆಕ್ಕವೂ ಬಂದರೆ ಒಂದು ಊರಿಗೆ ಮಾತ್ರ ಕೆಟ್ಟ ಹೆಸರು ಅನ್ನುವುದೂ ಇರುವುದಿಲ್ಲ.

ನಮ್ಮ ಶಾಲೆಗಳಲ್ಲಿ ದಿನವೂ ಪ್ರಾರ್ಥನೆ ಹೊತ್ತಿಗೆ ಮಕ್ಕಳು ಪೇಪರ್ ಓದುತ್ತಾರೆ. ಈ ಬಾಕ್ಸ್ ಬಂದ ದಿನ ಅದನ್ನೂ ಓದಿಸುತ್ತೇನೆ, ಬೇರೆ ಶಾಲೆಯ ಮೇಷ್ಟ್ರುಗಳಿಗೂ ಹೇಳುತ್ತೇನೆ. ಬೇಸಿಗೆಗೆ ಮುಂಚೆಯೇ ಶುರು ಮಾಡಿ. ಮಾರ್ಚ್ ಬಂತು ಅಂದರೆ ಕೆರೆ ಬತ್ತಿ ಎಲ್ಲರೂ ಆಳದ ಬೋರಿಗೆ, ಎಲ್ಲಿಂದ ತುಂಬಿಸಿದ್ದು ಅಂತ ಗೊತ್ತಿಲ್ಲದ ಟ್ಯಾಂಕರ್ ನೀರಿಗೆ ಹೋಗುತ್ತಾರೆ.

ಇಂತಿ ನಿಮ್ಮ ಓದುಗ,
ವಿಜ್ಞಾನ ಶಿಕ್ಷಕ, ದಾವಣಗೆರೆ